ತೆರೆಯ ಮೇಲಣ ವಿಶ್ವವಿದ್ಯಾನಿಲಯ

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಪಿಡುಗಿನ ನಿಮಿತ್ತ ದೇಶದ ಕಾಲೇಜುಗಳು ಬಾಗಿಲಿಕ್ಕಿದಾಗ, ಪಾಠಗಳನ್ನು ಅಂತರ್ಜಾಲದ ಮೂಲಕ ನಡೆಸುವುದು ಅನಿವಾರ್ಯವಾಗಿತ್ತು. ಆಪತ್ಕಾಲದ ಆ ಏರ್ಪಾಡನ್ನು ಯಾರೂ ಆಕ್ಷೇಪಿಸಲಾರರು. ಆದರೆ ಆಪತ್ತು ಕಳೆದ ಮೇಲೆಯೂ ಏರ್ಪಾಡು ಉಳಿದುಕೊಂಡಿತು. ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇಕಡಾ 40ರವರೆಗೆ ಕೇಂದ್ರ ಸರಕಾರದ ‘ಸ್ವಯಂ’ ವೇದಿಕೆಯಲ್ಲಿಯೇ ಕಲಿಯಲು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2021ರಲ್ಲಿ ಅನುಮತಿಯಿತ್ತಿತು. 2016ರಲ್ಲಿ ಈ ಮಿತಿ ಶೇಕಡಾ 20 ಇತ್ತು.

ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದವರ ಪರಂಪರೆ ಮುಂಬಯಿ ಕನ್ನಡಿಗರದು. ಕೆಲಸ ಬಿಡದೆ ಪದವಿ ಪಡೆಯುವ ದಾರಿ ತೆರೆದಾಗ ನಮ್ಮ ಓದುಗರು ಹರ್ಷಿಸುವುದು ಸಹಜ. ಆ ಹರ್ಷಕ್ಕೆ ನಾವು ಅಡ್ಡಬರುವುದಿಲ್ಲ. ಆದರೆ ರಾತ್ರಿಶಾಲೆ ಮಾಣಿಗೆ ಕೊಟ್ಟದ್ದು ಬರಿಯ ಪಾಠವನ್ನಲ್ಲ. ಹೆಸರು ಹಿಡಿದು ಕರೆಯುವ ಮಾಸ್ತರರು, ಇನ್ನೊಂದು ಹೋಟೆಲಿನ ಹುಡುಗನ ಗೆಳೆತನ, ಶುಲ್ಕಕ್ಕೆ ಅಡಚಣೆಯಾದಾಗ ಕೈಹಿಡಿಯುವ ಹಿರಿಯರು, ಮಾಲಿಕನೆದುರು ತಲೆಯೆತ್ತಿ ಮಾತನಾಡುವ ಧೈರ್ಯ ಎಲ್ಲವೂ ಅಲ್ಲಿಯೇ ದೊರೆತವು. ತೆರೆಯಲ್ಲಿ ಇವು ಸಿಗುವುದೆಂತು? ಇನ್ನು, ಒಂದೇ ಕೋಣೆಯಲ್ಲಿ ಎಂಟು ಮಂದಿ ಮಲಗುವಲ್ಲಿ ಪಾಠ ಕೇಳಲು ಮೂಲೆಯಾದರೂ ಎಲ್ಲಿಯದು? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ಗ್ರಾಮಾಂತರದ 100 ಮನೆಗಳಲ್ಲಿ ಅಂತರ್ಜಾಲವಿದ್ದುದು ಸುಮಾರು 15ರಲ್ಲಿ, ಕಂಪ್ಯೂಟರ್ ಇದ್ದುದು ನಾಲ್ಕರಲ್ಲಿ. ಅನಂತರ ಫೋನು ಹಳ್ಳಿಗಳನ್ನು ತಲುಪಿದೆ ನಿಜ. ಅಂಗೈಯಗಲದ ಗಾಜಿನ ಮೇಲೆ ಪದವಿಯ ಓದು ಸಾಗುವುದೇ ಎಂಬುದು ಬೇರೆ ಮಾತು.

ರಾಜಕೀಯದ ಪರಿಣಾಮ ಇದಕ್ಕಿಂತ ಆಳವಾದುದು. 1973ರ ಡಿಸೆಂಬರಿನಲ್ಲಿ ಅಹಮದಾಬಾದಿನ ಇಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿನಿಲಯದಲ್ಲಿ ಊಟದ ದರ ಏರಿದುದಕ್ಕೆ ಹುಟ್ಟಿದ ಅಸಮಾಧಾನವು ನವನಿರ್ಮಾಣ ಚಳವಳಿಯಾಗಿ ಬೆಳೆದು, 1974ರ ಫೆಬ್ರವರಿಯಲ್ಲಿ ಗುಜರಾತಿನ ಮುಖ್ಯಮಂತ್ರಿಯ ರಾಜೀನಾಮೆಯವರೆಗೆ ನಡೆಯಿತು. (ಆ ಚಳವಳಿಯ ಎಲ್ಲ ರೀತಿನೀತಿಗಳನ್ನು ನಾವು ಒಪ್ಪುತ್ತೇವೆಂದಲ್ಲ.) ಒಬ್ಬೊಬ್ಬರೇ ತಮ್ಮ ಮನೆಗಳಲ್ಲಿ ಕುಳಿತು ತೆರೆ ನೋಡುವ ವಿದ್ಯಾರ್ಥಿಗಳಿಗೆ ಒಂದೇ ಪಂಕ್ತಿಯೂ ಇಲ್ಲ, ಒಂದೇ ದೂರೂ ಇಲ್ಲ. ಅಧ್ಯಾಪಕನ ಪಾಡೂ ಅಷ್ಟೆ. ಮುದ್ರಿತವಾಗಿ ಉಳಿಯುವ ಮಾತನ್ನು ಅವನು ಅಳೆದು ತೂಗಿ ಆಡುವನು. ಒಮ್ಮೆ ಮುದ್ರಿಸಿದ ಪಾಠವು ನೂರು ಕಾಲೇಜುಗಳಿಗೆ ಸಾಕೆಂದಾದರೆ ಖಾಲಿಬಿದ್ದ ಹುದ್ದೆಗಳನ್ನು ತುಂಬುವ ಅವಸರ ಸರಕಾರಕ್ಕೆ ಏಕೆ?

ಸಿರಿವಂತರ ಮಕ್ಕಳಿಗೆ ಕಾಲೇಜಿನ ಕಟ್ಟಡವೂ ದುಡಿಯುವವರ ಮಕ್ಕಳಿಗೆ ತೆರೆಯೂ ಎಂದು ಪಾಲಾಗಬಾರದು. ಅಂತರ್ಜಾಲದ ಪಾಠದ ಜತೆಗೆ ವಾರಕ್ಕೊಮ್ಮೆಯಾದರೂ ಮುಖಾಮುಖಿ ತರಗತಿ ಇರಬೇಕೆಂದು ಆಯೋಗವು ನಿಯಮಿಸಲಿ. ಹೊರನಾಡಿನ ಹಲವು ಕನ್ನಡ ಸಂಘಗಳಿಗೆ ಸ್ವಂತ ಸಭಾಗೃಹಗಳಿವೆ. ಕಾರ್ಯಕ್ರಮಗಳಿಲ್ಲದ ಸಂಜೆಗಳಲ್ಲಿ ಅವುಗಳ ಬಾಗಿಲನ್ನು ಇಂಥ ವಿದ್ಯಾರ್ಥಿಗಳಿಗೆ ತೆರೆದುಕೊಡಬೇಕೆಂದು ಸಂಘಗಳ ಪದಾಧಿಕಾರಿಗಳಲ್ಲಿ ನಮ್ಮ ವಿನಂತಿ.