ಒಲೆಯ ಹೊಗೆಯೂ ಪರಿಸರದ ಪ್ರಶ್ನೆಯೇ

ಮಲೆನಾಡಿನ ಪರಿಸರ ಚಳವಳಿಗೆ ತನ್ನದೇ ಆದ ಚರಿತ್ರೆಯಿದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಅಲ್ಲಿಂದ ಹುಟ್ಟಿತು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತುದರ ಹಿಂದೆಯೂ ಜನರ ದೀರ್ಘ ಹೋರಾಟವಿತ್ತು. ಕಾಡು, ನದಿ, ಬೆಟ್ಟಗಳಿಗೆ ಒದಗುವ ಕೇಡನ್ನು ದೂರದಿಂದಲೇ ಗುರುತಿಸಬಲ್ಲ ಈ ಚಳವಳಿಯ ಕಣ್ಣಿಗೆ ಒಂದು ಸಂಗತಿ ಮಾತ್ರ ಇಂದಿಗೂ ಸರಿಯಾಗಿ ಬಿದ್ದಿಲ್ಲ. ಅದು ಮನೆಯೊಳಗಿನ ಗಾಳಿ.

ಮಳೆಗಾಲದ ಒಂದು ಬೆಳಗನ್ನು ನೋಡಿದರೆ ಸಾಕು. ಬೆಳಕು ಹರಿಯುವ ಮೊದಲೇ ಬಚ್ಚಲೊಲೆಗೆ ಬೆಂಕಿ ಬೀಳುತ್ತದೆ. ಸೌದೆ ಹಸಿಯಾಗಿರುತ್ತದೆ, ಎರಚಲಿಗೆ ಹೆದರಿ ಕಿಟಕಿ ಮುಚ್ಚಿರುತ್ತದೆ. ಆಮೇಲೆ ಅಡುಗೆ, ಆಮೇಲೆ ದನಕ್ಕೆ ಅಕ್ಕಚ್ಚು. ಅಡಿಕೆ ಕೊಯ್ಲಿನ ದಿನಗಳಲ್ಲಿ ಇವೆಲ್ಲದರ ಮೇಲೆ ಅಡಿಕೆ ಬೇಯಿಸುವ ಒಲೆ ಬೇರೆ. ಊದುಗೊಳವೆ ಹಿಡಿದು ಇವುಗಳ ಮುಂದೆ ಕೂರುವವಳು ಮನೆಯ ಹೆಂಗಸು. ನಲವತ್ತು ದಾಟುವಷ್ಟರಲ್ಲಿ ಅವಳಿಗೆ ಕೆಮ್ಮು ಅಂಟಿಕೊಂಡಿರುತ್ತದೆ. ಐವತ್ತಕ್ಕೆ ತೋಟದ ಏರು ಹತ್ತುವಾಗ ಎರಡು ಕಡೆ ನಿಂತು ಉಸಿರೆಳೆದುಕೊಳ್ಳುತ್ತಾಳೆ. ಮನೆಯವರು ಅದನ್ನು ಥಂಡಿಯೆಂದೋ ದಮ್ಮೆಂದೋ ವಯಸ್ಸಾಯಿತೆಂದೋ ಕರೆದು ಸುಮ್ಮನಾಗುತ್ತಾರೆ.

ಈ ಕೆಮ್ಮಿಗೆ ಕಾರಣ ತಿಳಿಯದ್ದೇನಲ್ಲ. ಸೌದೆಯ ಹೊಗೆಯಲ್ಲಿ 2.5 ಮೈಕ್ರಾನಿಗಿಂತ ಸಣ್ಣದಾದ ಕಣಗಳು ಹೇರಳವಾಗಿರುತ್ತವೆ. ಮೂಗಿನ ಕೂದಲಾಗಲಿ ಗಂಟಲಿನ ಲೋಳೆಯಾಗಲಿ ಇವನ್ನು ತಡೆಯಲಾರವು. ಅವು ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ಸೇರಿ, ಅಲ್ಲಿನ ನವುರಾದ ಗೋಡೆಗಳನ್ನು ವರ್ಷಗಟ್ಟಲೆ ಉರಿಯೂತದಲ್ಲಿಟ್ಟು, ಸಣ್ಣ ಗಾಳಿಕೊಳವೆಗಳನ್ನು ಕಿರಿದಾಗಿಸುತ್ತವೆ. ಒಳಗೆ ಹೋದ ಗಾಳಿ ಪೂರ್ತಿ ಹೊರಬರದಂತಾಗುವ ಈ ಸ್ಥಿತಿಯನ್ನು ವೈದ್ಯರು ಸಿಓಪಿಡಿ ಎನ್ನುತ್ತಾರೆ. ಬೀಡಿ ಸಿಗರೇಟು ಸೇದುವವರಿಗೆ ಬರುವ ರೋಗವೆಂದೇ ಇದು ಹೆಸರಾಗಿದೆ. ಆದರೆ ಬೀಡಿಯನ್ನು ಮುಟ್ಟಿಯೂ ನೋಡದ ಹೆಂಗಸಿಗೂ ಬರುತ್ತದೆ. ಭಾರತದಲ್ಲಿ 1990ರಲ್ಲಿ 2.81 ಕೋಟಿಯಷ್ಟಿದ್ದ ಸಿಓಪಿಡಿ ರೋಗಿಗಳು 2016ರ ವೇಳೆಗೆ 5.53 ಕೋಟಿಯಾದರೆಂಬುದು ದೇಶದ ರೋಗಭಾರದ ಅಧ್ಯಯನ ಕೊಟ್ಟ ಅಂದಾಜು.

ಈ ತಿಳಿವಳಿಕೆ ಹೊಸದೂ ಅಲ್ಲ. ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿ 1950ರ ದಶಕದಲ್ಲಿಯೇ, ಶ್ವಾಸಕೋಶ ಕೆಟ್ಟುದರಿಂದ ಹೃದಯದ ಬಲಭಾಗ ಸೋಲುವ ಕಾಯಿಲೆ ದೆಹಲಿಯ ಹೆಂಗಸರಲ್ಲಿ ಹೆಚ್ಚಿರುವುದನ್ನು ಕಂಡು ಅದನ್ನು ಅಡುಗೆಮನೆಯ ಹೊಗೆಯೊಂದಿಗೆ ಜೋಡಿಸಿದ್ದರು. ಇನ್ನೂ ಹತ್ತಿರದ ಸಾಕ್ಷ್ಯ ಮೈಸೂರು ಜಿಲ್ಲೆಯದು. ಅಲ್ಲಿನ ಹಳ್ಳಿಯ ಹೆಂಗಸರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಸರಳವಾದ ಲೆಕ್ಕವನ್ನು ಮುಂದಿಟ್ಟಿತು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯಲ್ಲಿ ಅಡುಗೆ, ಎಷ್ಟು ವರ್ಷದಿಂದ ಎಂಬ ಎರಡು ಸಂಖ್ಯೆಗಳನ್ನು ಗುಣಿಸಬೇಕು. ಗುಣಲಬ್ಧ 60 ಮುಟ್ಟಿದಲ್ಲಿಂದ ಮುಂದೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಎದ್ದು ಕಾಣುತ್ತದೆ. ಇಪ್ಪತ್ತಕ್ಕೆ ಮದುವೆಯಾಗಿ ಬಂದು ದಿನಕ್ಕೆ ನಾಲ್ಕು ಗಂಟೆ ಒಲೆಯ ಮುಂದಿರುವ ಸೊಸೆ ಮೂವತ್ತೈದಕ್ಕೇ ಆ ಗೆರೆಯನ್ನು ಮುಟ್ಟುತ್ತಾಳೆ. ತವರಿನಲ್ಲಿ ಕುಡಿದ ಹೊಗೆ ಈ ಲೆಕ್ಕಕ್ಕೆ ಸೇರಿಲ್ಲ.

ಹಾಗೆಂದು ಎಲ್ಲ ಕೆಮ್ಮೂ ಹೊಗೆಯದೇ ಎನ್ನಲಾಗದು. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆಯಾಗಬೇಕು; ಕ್ಷಯದ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕ್ಷಯ ವಾಸಿಯಾದ ಮೇಲೂ ಕೆಲವರ ಗಾಳಿಕೊಳವೆಗಳು ಹಿಗ್ಗಿ ಅಲ್ಲಿ ಕಫ ಮಡುಗಟ್ಟುತ್ತದೆ. ಅಸ್ತಮಾ ಬಂದು ಹೋಗುವ ಅಡಚಣೆ. ಸಿಓಪಿಡಿ ಬಂದು ಉಳಿಯುವ ಅಡಚಣೆ. ಕೃಷಿಕರಿಗೇ ಮೀಸಲೆನ್ನಬಹುದಾದ ಇನ್ನೊಂದು ಕಾಯಿಲೆಯಿದೆ. ಸರಿಯಾಗಿ ಒಣಗದ ಹುಲ್ಲನ್ನು ಬಣವೆ ಹಾಕಿದಾಗ ಒಳಗೆ ಕಾವೇರಿ, ಶಾಖಪ್ರಿಯ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಬೂಷ್ಟು ಹಿಡಿದ ಆ ಹುಲ್ಲನ್ನು ಕೊಡವಿದ ನಾಲ್ಕರಿಂದ ಎಂಟು ಗಂಟೆಗಳಲ್ಲಿ ಕೆಲವರಿಗೆ ಚಳಿಜ್ವರ, ಒಣಕೆಮ್ಮು, ಉಬ್ಬಸ ಬರುತ್ತವೆ. ಮರುದಿನ ಇಳಿಯುವುದರಿಂದ ಮಾಮೂಲಿ ಜ್ವರವೆಂದೇ ಎಲ್ಲರೂ ತಿಳಿಯುತ್ತಾರೆ. ಇಂಗ್ಲೆಂಡಿನಲ್ಲಿ 1932ರಲ್ಲಿ ವರ್ಣಿತವಾದ ಈ ರೋಗಕ್ಕೆ ರೈತರ ಶ್ವಾಸಕೋಶ ಎಂದೇ ಹೆಸರು. ಮತ್ತೆ ಮತ್ತೆ ಬಂದರೆ ಶ್ವಾಸಕೋಶ ಗಟ್ಟಿಯಾಗಿ ಹಿಂದಿನಂತಾಗುವುದಿಲ್ಲ.

ಮಕ್ಕಳ ಕೆಮ್ಮಿನ ಹಿಂದೆ, ಅಪರೂಪಕ್ಕಾದರೂ, ಸಿಸ್ಟಿಕ್ ಫೈಬ್ರೋಸಿಸ್ ಇರಬಹುದು. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದಾಗ ಮಾತ್ರ ಕಾಣಿಸುವ ರೋಗವಿದು. ಆದ್ದರಿಂದ ಸೋದರಿಕೆಯ ಮದುವೆಗಳಲ್ಲಿ ಇಂಥ ರೋಗಗಳ ಸಂಭವ ಹೆಚ್ಚು. ಕಫ ಅಂಟಿನಂತೆ ಗಟ್ಟಿಯಾಗುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ, ಬೆವರು ಅತಿಯಾಗಿ ಉಪ್ಪಾಗಿರುತ್ತದೆ. ಮುತ್ತಿಟ್ಟಾಗ ಮಗುವಿನ ಕೆನ್ನೆ ಉಪ್ಪೆಂದು ತಾಯಿ ಹೇಳಿದರೆ ವೈದ್ಯರು ಆ ಮಾತನ್ನು ತಳ್ಳಿಹಾಕಬಾರದು. ಬೆವರಿನ ಪರೀಕ್ಷೆ ಮಾಡಿಸಬೇಕು. ಈ ಜೀನ್ ಪತ್ತೆಯಾದದ್ದು 1989ರಲ್ಲಿ. ಜೀನಿನ ದೋಷದ ಪರಿಣಾಮವನ್ನೇ ಸರಿಪಡಿಸುವ ಮೂರು ಔಷಧಿಗಳ ಸಂಯೋಗಕ್ಕೆ 2019ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಅದರ ಬೆಲೆ ಸಾಮಾನ್ಯ ಕುಟುಂಬದ ಕೈಗೆಟುಕುವಂಥದ್ದಲ್ಲ. ಆದರೂ ಕಫ ಹೊರಹಾಕಿಸುವ ವ್ಯಾಯಾಮ, ಜೀರ್ಣಕ್ಕೆ ಕಿಣ್ವದ ಮಾತ್ರೆ, ಸಕಾಲದ ಆಂಟಿಬಯಾಟಿಕ್‌ಗಳಿಂದ ಮಗುವಿನ ಆಯುಷ್ಯ ಹೆಚ್ಚುತ್ತದೆ.

ಹೀಗೆ ಕೆಮ್ಮು ಒಂದೇ, ಕಾರಣ ಹಲವು. ಹೆಸರು ತಿಳಿಯದೆ ಮಾಡುವ ಔಷಧೋಪಚಾರ ಕತ್ತಲಲ್ಲಿ ಕಲ್ಲೆಸೆದಂತೆ. ಸಿಓಪಿಡಿಯನ್ನು ಗುರುತಿಸಲು ಬೇಕಾದುದು ಸ್ಪೈರೋಮೀಟರ್ ಎಂಬ ಊದುವ ಯಂತ್ರ. ಔಷಧಿ ಸೇದಿದ ಮೇಲೂ ಪೂರ್ತಿ ಊದಿದ ಗಾಳಿಯ ಶೇಕಡ 70ಕ್ಕಿಂತ ಕಡಿಮೆ ಮೊದಲ ಸೆಕೆಂಡಿನಲ್ಲಿ ಹೊರಬಂದರೆ ಅಡಚಣೆ ಖಚಿತ. ಕಳೆದುಹೋದ ಶಕ್ತಿ ಮರಳದಿದ್ದರೂ ಉಳಿದುದನ್ನು ಕಾಯಬಹುದು. ಹೊಗೆಯಿಂದ ದೂರವಿರುವುದು ಮೊದಲನೆಯ ಚಿಕಿತ್ಸೆ. ಇನ್‌ಹೇಲರ್, ಉಸಿರಾಟದ ವ್ಯಾಯಾಮ, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳು ಆಮೇಲಿನವು. ಇನ್‌ಹೇಲರ್ ಚಟವಾಗುತ್ತದೆಂಬ ಭಯ ಹಳ್ಳಿಗಳಲ್ಲಿ ಬೇರುಬಿಟ್ಟಿದೆ. ಸಾಲ್ಬುಟಮಾಲ್ ಔಷಧಿಯ ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ ಇದ್ದರೆ, ಇನ್‌ಹೇಲರಿನ ಒಂದು ಒತ್ತಿಗೆ ಬರುವುದು 100 ಮೈಕ್ರೋಗ್ರಾಂ, ಅಂದರೆ ನಲವತ್ತನೆಯ ಒಂದು ಪಾಲು. ಮಾತ್ರೆಗೆ ಹೆದರದವರು ಇದಕ್ಕೆ ಹೆದರಬೇಕಿಲ್ಲ.

ಹೊಗೆಯ ಪರವಾಗಿಯೂ ವಾದಗಳುಂಟು. ಹೊಗೆಯಿಂದ ಮಾಡಿನ ಮರಕ್ಕೆ ಹುಳು ಬೀಳುವುದಿಲ್ಲ, ಸೊಳ್ಳೆ ಓಡುತ್ತದೆ, ಗ್ಯಾಸಿಗೆ ದುಡ್ಡು ಬೇಕು, ಬೆಟ್ಟದ ಸೌದೆಗೆ ಬೇಕಿಲ್ಲ ಎಂಬ ಮಾತುಗಳಲ್ಲಿ ಸತ್ಯವಿಲ್ಲದಿಲ್ಲ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ಸಿಲಿಂಡರ್ ಮನೆಗೆ ಬಂದರೂ ಬಚ್ಚಲಿಗೆ ಬರಲಿಲ್ಲ. ಆದರೆ ಸೌದೆ ಉರಿಸುವುದೂ ಹೊಗೆ ಕುಡಿಯುವುದೂ ಒಂದೇ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಒಲೆ ಹೊಗೆಯನ್ನು ಹೊಗೆಗೂಡಿನ ಮೂಲಕ ಹೊರಗಟ್ಟುತ್ತಿತ್ತು, ಸೌದೆಯನ್ನೂ ಉಳಿಸುತ್ತಿತ್ತು. ಅನೇಕ ಮನೆಗಳಲ್ಲಿ ಅದು ಸೋತದ್ದು ಹೊಗೆಗೂಡಿನ ಮಸಿ ತೆಗೆಯುವವರಿಲ್ಲದೆ. ಒಂದು ಬೇಸಗೆ ಮುಂಚೆ ಒಣಗಿಸಿದ ಸೌದೆ, ಮನೆಯಿಂದ ಬೇರೆಯಾದ ಬಚ್ಚಲು, ಕೊಟ್ಟಿಗೆಯ ಸಗಣಿಯಿಂದ ಗೋಬರ್ ಗ್ಯಾಸ್, ಇವಾವುವೂ ಮಲೆನಾಡಿಗೆ ಹೊಸತಲ್ಲ. ಉರಿಯುವ ಸೌದೆ ಕಡಿಮೆಯಾದಷ್ಟೂ ಸೊಪ್ಪಿನ ಬೆಟ್ಟಕ್ಕೂ ಒಳಿತು. ಕಾಡಿನ ಹಿತ, ಹೆಂಗಸಿನ ಎದೆಗೂಡಿನ ಹಿತ ಇಲ್ಲಿ ಒಂದೇ ದಾರಿಯಲ್ಲಿವೆ.

ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಪೈರೋಮೀಟರ್ ಮತ್ತು ಅದನ್ನು ಬಳಸಬಲ್ಲವರು ಇರಬೇಕು, ಇನ್‌ಹೇಲರ್ ಎಂದೂ ತೀರಬಾರದು ಎಂಬ ಬೇಡಿಕೆ ಗ್ರಾಮಸಭೆಗಳಿಂದಲೇ ಏಳಬೇಕು. ಗಣಿಯ ವಿರುದ್ಧ ಠರಾವು ಮಾಡಿದ ಸಭೆಗಳು ಹೊಗೆಗೂಡಿಗಾಗಿಯೂ ಠರಾವು ಮಾಡಬಹುದು. ಆ ಕೆಲಸಕ್ಕೆ ಬೇಕಾದ ಅಂಕಿಗಳನ್ನು ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿಯೇ ಕಲೆಹಾಕಬಲ್ಲರು. ಅಮ್ಮ ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದಿರುತ್ತಾಳೆ, ಎಷ್ಟು ವರ್ಷದಿಂದ ಎಂದು ಕೇಳಿ ಗುಣಿಸಿ ನೋಡಲಿ. ಉತ್ತರ 60 ದಾಟಿದ್ದರೆ, ಅವಳ ಕೆಮ್ಮನ್ನು ಥಂಡಿಯೆಂದು ಕರೆಯುವುದನ್ನು ಆ ದಿನವೇ ನಿಲ್ಲಿಸಲಿ.