ಹನ್ನೆರಡನೆಯವನ ತಾಯಿಗೆ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಸಂಜೆಯಾದರೆ ಮಗ್ಗದ ಸದ್ದಿನ ಜೊತೆಗೆ ಇನ್ನೊಂದು ಸದ್ದೂ ಕೇಳುತ್ತದೆ. ಅದು ಬ್ಯಾಟಿಗೆ ಚೆಂಡು ಬಡಿಯುವ ಸದ್ದು. ಜಮಖಂಡಿ, ಮುಧೋಳ, ಬೀಳಗಿಯಲ್ಲೂ ಇದೇ ನೋಟ. ಮೊನ್ನೆ ವಿದ್ಯಾರ್ಥಿಯೊಬ್ಬನ ತಾಯಿ ಬೇಸರದಿಂದ ಹೇಳಿದರು: "ದಿನಾ ಆಡಾಕ ಹೋಗ್ತಾನ್ರಿ, ಆದ್ರ ಅವನಿಗೆ ಆಡಾಕ ಸಿಗೂದಿಲ್ಲ. ನೀರಿನ ಬಾಟ್ಲಿ ಹೊರತಾನ. ಬಿಡಿಸಿ ಮಗ್ಗಕ್ಕ ಕುಂದ್ರಸ್ತೀನಿ."

ಸಹೋದರಿಯರೇ, ಆ ತಾಯಿಗೆ ನಾನು ಸಯ್ಯದ್ ಕಿರ್ಮಾನಿಯ ಕಥೆ ಹೇಳಿದೆ. ನಿಮಗೂ ಹೇಳುತ್ತೇನೆ.

1949ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಕಿರ್ಮಾನಿ ನಮ್ಮ ಕರ್ನಾಟಕ ತಂಡದ ವಿಕೆಟ್ ಕೀಪರ್. 21ರ ಹರೆಯದಲ್ಲಿ, 1971ರಲ್ಲಿ, ಭಾರತ ತಂಡದೊಂದಿಗೆ ಇಂಗ್ಲೆಂಡಿಗೆ ಹೋದರು. ಆದರೆ ಟೆಸ್ಟ್ ಆಡಿದ್ದು ಫಾರೂಖ್ ಇಂಜಿನಿಯರ್. 1974ರಲ್ಲಿ ಮತ್ತೆ ಹೋದರು. ಆಗಲೂ ಹಾಗೆಯೇ ಆಯಿತು. ಅವರು ಮೊದಲ ಟೆಸ್ಟ್ ಆಡಿದ್ದು 1976ರ ಜನವರಿಯಲ್ಲಿ, ನ್ಯೂಝಿಲೆಂಡಿನ ಆಕ್ಲೆಂಡಿನಲ್ಲಿ. ಎರಡನೆಯ ಟೆಸ್ಟಿನಲ್ಲೇ ಒಂದು ಇನ್ನಿಂಗ್ಸಿನಲ್ಲಿ ಐದು ಕ್ಯಾಚ್, ಒಂದು ಸ್ಟಂಪಿಂಗ್ ಮಾಡಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಕಾದ ವರ್ಷಗಳಲ್ಲಿ ಕೈ ತುಕ್ಕು ಹಿಡಿದಿರಲಿಲ್ಲ.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. 1979ರಲ್ಲಿ ವಿಶ್ವಕಪ್ ಮತ್ತು ಇಂಗ್ಲೆಂಡ್ ಪ್ರವಾಸದ ತಂಡದಿಂದ ಅವರನ್ನು ಕೈಬಿಟ್ಟರು. ಅದೇ ವರ್ಷ ತಂಡಕ್ಕೆ ಮರಳಿದರು. ಮುಂಬಯಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ದಿನದ ಕೊನೆಯ ಹೊತ್ತು ವಿಕೆಟ್ ಕಾಯಲೆಂದು ಕಳಿಸಿದರೆ, ಔಟಾಗದೆ 101 ರನ್ ಗಳಿಸಿದರು. 1983ರ ವಿಶ್ವಕಪ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ 175 ಹೊಡೆದದ್ದು ಎಲ್ಲರಿಗೂ ನೆನಪಿದೆ. ಆದರೆ ಎಂಟು ವಿಕೆಟ್ ಬಿದ್ದ ಮೇಲೆ ಕೊನೆಯವರೆಗೂ ಜೊತೆಗೆ ನಿಂತು 24 ರನ್ ಮಾಡಿದ ಕಿರ್ಮಾನಿ ಎಷ್ಟು ಜನರಿಗೆ ನೆನಪಿದ್ದಾರೆ? ಆ ಜೊತೆಯಾಟದಲ್ಲಿ ಬಂದದ್ದು 126 ರನ್.

ಕೀಪರನ ಕೆಲಸವೇ ಹಾಗೆ. ದಿನಕ್ಕೆ 90 ಓವರ್ ಎಂದರೆ 540 ಸಲ ಕುಳಿತು ಏಳಬೇಕು. ಹಿಡಿದರೆ ವಿಕೆಟ್ ಬೌಲರನ ಲೆಕ್ಕಕ್ಕೆ, ಬಿಟ್ಟರೆ ಬೈಗುಳ ಕೀಪರನಿಗೆ. ಇದು ನಮ್ಮ ಮನೆಯ ಹೆಂಗಸರಿಗೆ ಹೊಸದಲ್ಲ. ಸಾರಿಗೆ ಉಪ್ಪು ಸರಿಯಾದ ದಿನ ಯಾರೂ ಮಾತಾಡುವುದಿಲ್ಲ, ಕಡಿಮೆಯಾದ ದಿನ ಎಲ್ಲರೂ ಮಾತಾಡುತ್ತಾರೆ!

ಹೀಗೆ ನಿಂತೇ ಕಿರ್ಮಾನಿ 88 ಟೆಸ್ಟ್ ಆಡಿದರು. 160 ಕ್ಯಾಚ್, 38 ಸ್ಟಂಪಿಂಗ್. 1982ರಲ್ಲಿ ಪದ್ಮಶ್ರೀ ಬಂತು.

ನಿಮ್ಮ ಮಗ ಕಿರ್ಮಾನಿ ಆಗುತ್ತಾನೆಂದು ನಾನು ಹೇಳುವುದಿಲ್ಲ. ಸಾವಿರದಲ್ಲಿ ಒಬ್ಬನೂ ಆಗುವುದು ಕಷ್ಟ. ಓದು ತಪ್ಪಿಸಿದರೆ ಖಂಡಿತ ಗದರಿಸಿ, ಆಟಕ್ಕೆ ಹೊತ್ತು ಗೊತ್ತು ಮಾಡಿ. ಆದರೆ ಹೊರಗೆ ಕುಳಿತವನನ್ನು 'ಕೆಲಸಕ್ಕೆ ಬಾರದವ' ಎನ್ನಬೇಡಿ. ಕಾಯುವುದು ಸುಮ್ಮನೆ ಕೂಡುವುದಲ್ಲ. ಸರದಿ ಬಂದಾಗ ಕೈ ಸಿದ್ಧವಿರುವಂತೆ ನೋಡಿಕೊಳ್ಳುವುದು. ಅದನ್ನು ಕಲಿತ ಹುಡುಗ ಮಗ್ಗದ ಮುಂದೆ ಕುಳಿತರೂ, ಪರೀಕ್ಷೆಯಲ್ಲಿ ಒಮ್ಮೆ ಸೋತರೂ ಕುಗ್ಗುವುದಿಲ್ಲ.

ಇಂದು ಸಂಜೆ ಅವನು ಮನೆಗೆ ಬಂದಾಗ "ಆಡಿದೆಯಾ?" ಎಂದು ಕೇಳಬೇಡಿ. "ಏನು ಕಲಿತೆ?" ಎಂದು ಕೇಳಿ ನೋಡಿ.