ಸಮುದ್ರ ಫ್ರೀ, ನೀರು ಫ್ರೀ ಅಲ್ಲ (ನೀರಿನ ಲೆಕ್ಕ, ಭಾಗ 4)

ಪಿಜಿಯಲ್ಲಿ ಈ ತಿಂಗಳೂ ಟ್ಯಾಂಕರ್ ದುಡ್ಡು ಅಂತ ತಲೆಗೆ 300 ಎಕ್ಸ್‌ಟ್ರಾ ಹಾಕಿದ್ರು. ಊಟದ ಹೊತ್ತಿಗೆ ಅದೇ ಜಗಳ. ಆಗ ರೂಮ್‌ಮೇಟ್ ಒಬ್ಬ, "ಮಂಗಳೂರಲ್ಲಿ ಅಷ್ಟು ದೊಡ್ಡ ಸಮುದ್ರ ಇದೆ ಗುರೂ, ಉಪ್ಪು ತೆಗೆದು ಬೆಂಗಳೂರಿಗೆ ತರೋಕೆ ಏನ್ ಕಷ್ಟ?" ಅಂದ. ಎಲ್ಲರೂ ಹೌದು ಹೌದು ಅಂದ್ವಿ, ನಾನೂ ಅಂದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ನೀವೂ ಒಂದ್ಸಲ ನೋಡಿ.

ಮನೆಯ ಆರ್‌ಓ ಫಿಲ್ಟರ್ ಇದೆಯಲ್ಲ, ಸಮುದ್ರದ ಘಟಕದಲ್ಲೂ ಅದೇ ತರದ ಪೊರೆ, ಮೆಂಬ್ರೇನ್. ಆದ್ರೆ ಸಮುದ್ರದ ಒಂದು ಲೀಟರಲ್ಲಿ ಸುಮಾರು 35 ಗ್ರಾಂ ಉಪ್ಪು. ಅದನ್ನ ಹಿಂದೆ ಬಿಟ್ಟು ನೀರು ಮಾತ್ರ ಪೊರೆ ದಾಟಬೇಕು ಅಂದ್ರೆ 60 ಬಾರ್ ಆಸುಪಾಸು ಒತ್ತಡ ಬೇಕು, ಕಾರಿನ ಟೈರಲ್ಲಿರೋದರ ಸುಮಾರು 25 ಪಟ್ಟು. ಇಷ್ಟೆಲ್ಲ ಒತ್ತಿದ್ರೂ 100 ಲೀಟರಿಗೆ ಸಿಗೋದು 40-45 ಲೀಟರ್ ಸಿಹಿನೀರು. ಉಳಿದದ್ದು ಹೆಚ್ಚುಕಮ್ಮಿ ಎರಡರಷ್ಟು ಉಪ್ಪಾಗಿ ವಾಪಸ್ ಸಮುದ್ರಕ್ಕೆ. ಮನೆ ಫಿಲ್ಟರಿನ ವೇಸ್ಟ್ ನೀರಲ್ಲಿ ನೆಲನಾದ್ರೂ ಒರೆಸ್ತೀವಿ, ಇದನ್ನ ಏನ್ ಮಾಡೋದು?

ಹಾಗೆ ಹೊರಗೆ ಹೋಗೋ ಉಪ್ಪುನೀರಲ್ಲಿ ಒತ್ತಡ ಇನ್ನೂ ಇರುತ್ತೆ. ಅದನ್ನ ಒಳಗೆ ಬರೋ ನೀರಿಗೆ ದಾಟಿಸೋ ಉಪಕರಣ ಇದೆ, ನನಗೆ ತುಂಬಾ ಇಷ್ಟ ಆಗಿದ್ದು ಅದೇ. ಅದರಿಂದಾನೇ ಸಾವಿರ ಲೀಟರಿಗೆ 3-4 ಯೂನಿಟ್ ಕರೆಂಟಲ್ಲಿ ಕೆಲಸ ಮುಗಿಯುತ್ತೆ.

ಯೂನಿಟ್‌ಗೆ 7 ರೂಪಾಯಿ ಹಿಡ್ಕೊಳ್ಳಿ. ಕರೆಂಟಿಗೇ 21ರಿಂದ 28 ರೂಪಾಯಿ. ಈಗ ಆ ನೀರು ಬೆಂಗಳೂರಿಗೆ ಬರಬೇಕು. ನಾವಿರೋದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಸಾವಿರ ಲೀಟರನ್ನ ಅಷ್ಟೆತ್ತರಕ್ಕೆ ಎತ್ತೋಕೆ ಪಿಯುಸಿ ಫಿಸಿಕ್ಸ್ ಪ್ರಕಾರ ಸುಮಾರು ಎರಡೂವರೆ ಯೂನಿಟ್, ಪಂಪಿನ ನಷ್ಟ ಸೇರಿಸಿದ್ರೆ ಮೂರು ದಾಟುತ್ತೆ. ಉಪ್ಪು ತೆಗೆಯೋಕೆ ಎಷ್ಟೋ, ಘಾಟಿ ಹತ್ತಿಸೋಕೂ ಅಷ್ಟೇ! 350 ಕಿಲೋಮೀಟರ್ ಪೈಪಿನ ಖರ್ಚು ಇನ್ನೂ ಸೇರಿಸೇ ಇಲ್ಲ.

ಚೆನ್ನೈ ಕಥೆ ಬೇರೆ. ಅದು ಸಮುದ್ರದ ಪಕ್ಕದಲ್ಲೇ ಇದೆ, ಎತ್ತೋ ತಲೆನೋವಿಲ್ಲ. 2010ರಲ್ಲಿ ಮಿಂಜೂರಲ್ಲಿ ದಿನಕ್ಕೆ 10 ಕೋಟಿ ಲೀಟರಿನ ಘಟಕ ಶುರುವಾಯ್ತು, ಸಾವಿರ ಲೀಟರಿಗೆ 48.66 ರೂಪಾಯಿ ಅಂತ ಒಪ್ಪಂದ. 2013ರಲ್ಲಿ ನೆಮ್ಮೇಲಿ. 2019ರಲ್ಲಿ ಕೆರೆಗಳು ಒಣಗಿ ಜೋಲಾರ್‌ಪೇಟೆಯಿಂದ ರೈಲಲ್ಲಿ ನೀರು ತಂದ ಊರು ಅದು. ಅವರು ಮಾಡಿದ್ದು ಸರಿ ಅಂತಾನೇ ನನ್ನ ಅಭಿಪ್ರಾಯ. ನಮ್ಮ ಕರಾವಳಿಯಲ್ಲೂ ಎಂಆರ್‌ಪಿಎಲ್ ತನ್ನ ರಿಫೈನರಿಗೆ ಇಂಥದ್ದೊಂದು ಘಟಕ ಹಾಕಿಕೊಂಡಿದೆ, ಜಾಗದ ಹೆಸರು ತಣ್ಣೀರುಬಾವಿ 😄

ಬಿಕಾಂನವರು ನೋಡಲೇಬೇಕಾದದ್ದು ಮೆಲ್ಬರ್ನ್. ಅಲ್ಲಿ ಬರಗಾಲದ ಭಯದಲ್ಲಿ ವೊಂಥ್ಯಾಗಿ ಅನ್ನೋ ಕಡೆ ದೊಡ್ಡ ಘಟಕ ಕಟ್ಟಿದ್ರು. 2012ರ ಕೊನೆಗೆ ಅದು ರೆಡಿ ಆಗೋ ಹೊತ್ತಿಗೆ ಮಳೆ ಬಂದಾಗಿತ್ತು. ಅಲ್ಲಿನ ನೀರು ಊರಿಗೆ ಬಂದಿದ್ದು 2017ರಲ್ಲಿ. ನಡುವಿನ ವರ್ಷಗಳಲ್ಲಿ ಒಂದು ಹನಿಯೂ ತಗೊಳ್ದೆ ವರ್ಷಕ್ಕೆ ನೂರಾರು ಮಿಲಿಯನ್ ಡಾಲರ್ ಕಟ್ಟಿದ್ರು. ಫಿಕ್ಸೆಡ್ ಕಾಸ್ಟ್ ಅಂದ್ರೆ ಏನು ಅಂತ ಎಕ್ಸಾಮಲ್ಲಿ ಕೇಳಿದ್ರೆ ಇದನ್ನೇ ಬರೀತೀನಿ. ಕೆಲವರು ಇದನ್ನ ಇನ್ಶೂರೆನ್ಸ್ ಅಂತಾರೆ. ಸರಿ, ಆದ್ರೆ ಆ ಪ್ರೀಮಿಯಂ ಕಟ್ಟೋದು ನೀರಿನ ಬಿಲ್ ಕಟ್ಟೋ ಪ್ರತಿ ಮನೆ.

ಅದಕ್ಕೇ ಹೇಳ್ತೀನಿ, ಮಂಗಳೂರಿಗೆ ಬೇಸಿಗೆಯಲ್ಲಿ ಬೇಕಾದ್ರೆ ಮಂಗಳೂರಿಗೇ ಮಾಡಲಿ. ಬೆಂಗಳೂರಿಗೆ ಸಮುದ್ರ ತರ್ತೀವಿ ಅಂತ ಯಾರಾದ್ರೂ ಭಾಷಣ ಮಾಡಿದ್ರೆ ಎರಡೇ ಪ್ರಶ್ನೆ ಕೇಳಿ: ಸಾವಿರ ಲೀಟರ್ ನನ್ನ ನಲ್ಲಿಗೆ ಬರೋವಾಗ ಎಷ್ಟು? ಮಳೆ ಚೆನ್ನಾಗಿ ಬಂದ ವರ್ಷ ಎಷ್ಟು ಕಟ್ಟಬೇಕು?

ರೂಮ್‌ಮೇಟ್‌ಗೆ ಈ ಲೆಕ್ಕ ತೋರಿಸಿದೆ. "ಸರಿ ಮಾರಾಯ, ಆ 300ಕ್ಕೆ ಏನ್ ಮಾಡೋದು?" ಅಂದ. ಪಿಜಿ ಟೆರೇಸಲ್ಲಿ ಮಳೆನೀರು ಹಿಡಿಯೋ ಪೈಪ್ ಇದೆಯಾ ಅಂತ ನಾಳೆ ಆಂಟಿನ ಕೇಳ್ಬೇಕು. ಭಾಗ 5 ಅದರದ್ದೇ.